ಬಲಗಡೆ ಕುಳಿತುಕೊಳ್ಳಿ, ದೊಡ್ಡಪ್ಪ

ಸಿಡ್ನಿ ಕನ್ನಡಿಗರ ನಮ್ಮ ಪತ್ರಿಕೆಯ ಈ ಸಂಚಿಕೆಯ ಸಂಪಾದಕೀಯವನ್ನು ಸಿಡ್ನಿಯಲ್ಲಿ ಕುಳಿತು ಬರೆಯುತ್ತಿಲ್ಲ. ಮಡಿಕೇರಿಯಿಂದ ಸ್ವಲ್ಪ ದೂರದ ನಮ್ಮ ತೋಟದ ಮನೆಯ ಜಗಲಿಯಲ್ಲಿದ್ದೇನೆ. ಮಧ್ಯಾಹ್ನದಿಂದ ಕರೆಂಟಿಲ್ಲ, ಲ್ಯಾಪ್‌ಟಾಪಿನ ಬ್ಯಾಟರಿ ಅರ್ಧಕ್ಕಿಳಿದಿದೆ. ಹಾಗಾಗಿ ಪೀಠಿಕೆ ಬೇಡ. ನಾನು ರಜೆಗೆಂದು ಇಲ್ಲಿಗೆ ಬಂದಿರುವ ಹೊತ್ತಿನಲ್ಲೇ ನನ್ನ ದೊಡ್ಡಪ್ಪ, ದೊಡ್ಡಮ್ಮ ಸಿಡ್ನಿಗೆ ಹೋಗಿದ್ದಾರೆ. ಆಕ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗುವ ದಾರಿಯಲ್ಲಿ ಮೂರು ರಾತ್ರಿ ಅಲ್ಲಿ ತಂಗುತ್ತಾರೆ. ಕಾಫಿ ಕೊಯ್ಲು, ಮೆಣಸು ಎಲ್ಲ ಮುಗಿದು ಮಳೆ ಹಿಡಿಯುವ ಮೊದಲಿನ ಈ ಮೇ ತಿಂಗಳು ಬಿಟ್ಟರೆ ತೋಟದವರಿಗೆ ಬೇರೆ ಬಿಡುವೆಲ್ಲಿ? ಹದಿನೈದು ವರ್ಷದಿಂದ ‘ಬನ್ನಿ, ಬನ್ನಿ’ ಎಂದು ಕರೆದವನು ನಾನೇ. ಅವರು ಬಂದಾಗ ನನ್ನ ಮನೆಗೆ ಬೀಗ!

ಪ್ರಾಯಶ್ಚಿತ್ತವೆಂಬಂತೆ, ಅವರು ಹೊರಡುವ ಮೊದಲು ಎರಡು ಸಂಜೆ ಇದೇ ಜಗಲಿಯಲ್ಲಿ ಕುಳಿತು ಸಿಡ್ನಿಯ ಪಾಠ ಮಾಡಿದೆ. ನಿಮ್ಮ ಮನೆಗಳಿಗೂ ಊರಿನಿಂದ ಅತಿಥಿಗಳು ಬರುವ ಕಾಲವಾದ್ದರಿಂದ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಪಾಠ ಶುರುವಾದದ್ದು ಪೆಟ್ಟಿಗೆಯಿಂದ. ದೊಡ್ಡಮ್ಮ ನಮ್ಮ ಕೊಡಗಿನ ಅಡುಗೆಯ ಹುಳಿಯಾದ ಕಾಚಂಪುಳಿಯ ಬಾಟಲಿಗೆ ಹಳೆಯ ‘ಶಕ್ತಿ’ ಪತ್ರಿಕೆ ಸುತ್ತಿ, ಅದನ್ನು ಸೀರೆಯ ಮಡಿಕೆಯೊಳಗೆ ಮಗುವಿನಂತೆ ಮಲಗಿಸಿದ್ದರು. ಪಕ್ಕದಲ್ಲಿ ಏಲಕ್ಕಿ, ಕಾಫಿಪುಡಿ, ಜೇನು, ಕಣಿಲೆ ಉಪ್ಪಿನಕಾಯಿ. ಅಡಿಯಲ್ಲಿ, ಯಾರಿಗೂ ಕಾಣದಂತೆ, ಹಂದಿಮಾಂಸದ ಉಪ್ಪಿನಕಾಯಿ. ಕೊನೆಯದನ್ನು ತೆಗೆಸಿದೆ, ಉಳಿದದ್ದಕ್ಕೆ ಒಂದೇ ಮಾತು ಹೇಳಿದೆ: ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ತಿಂಡಿತಿನಿಸು ಇದೆಯೇ ಎಂದು ಕೇಳಿದಲ್ಲಿ ‘ಹೌದು’ ಎಂದು ಗುರುತು ಹಾಕಿ. ಇದೆ ಎಂದು ಹೇಳಿಕೊಂಡರೆ ಹೆಚ್ಚೆಂದರೆ ತೆಗೆದುಕೊಂಡು ಎಸೆಯುತ್ತಾರೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಸಾವಿರಾರು ಡಾಲರ್ ದಂಡ. ಕರಿಬೇವಿನ ಸೊಪ್ಪು, ಹಣ್ಣು, ಗಿಡ, ಬಿತ್ತನೆ ಬೀಜದ ಆಸೆ ಬಿಟ್ಟೇಬಿಡಿ. ಅದೇ ಕಾರ್ಡಿನಲ್ಲಿ ಕಳೆದ ಮೂವತ್ತು ದಿನಗಳಲ್ಲಿ ಫಾರ್ಮಿಗೆ ಹೋಗಿದ್ದಿರಾ ಎಂದೂ ಕೇಳುತ್ತಾರೆ. ದೊಡ್ಡಪ್ಪ ತುಸು ಯೋಚಿಸಿ, “ತೋಟ ಎಂದರೆ ಫಾರ್ಮ್ ಆಗುತ್ತದೆಯೇ?” ಎಂದರು. ಆಗುತ್ತದೆ ದೊಡ್ಡಪ್ಪ, ನಿಮ್ಮ ಶೂವಿನ ಅಡಿಯ ಕೆಂಪು ಮಣ್ಣೇ ಸಾಕ್ಷಿ. ಆ ಶೂಗಳನ್ನು ಅವತ್ತೇ ಬ್ರಷ್ ಹಾಕಿ ತಿಕ್ಕಿ ತೊಳೆಸಿದೆ.

ವಿಮಾನ ನಿಲ್ದಾಣದಿಂದ ಊರೊಳಗೆ ಹೋಗುವ ರೈಲಿಗೆ ಮಾಮೂಲಿ ದರದ ಮೇಲೆ ನಿಲ್ದಾಣದ ಶುಲ್ಕವೆಂದು ಬೇರೆ ಕೀಳುತ್ತಾರೆ, ಅದು ಟಿಕೆಟ್ಟಿಗಿಂತ ಹೆಚ್ಚು. ನಮ್ಮಲ್ಲಿ ಅದನ್ನು ತಪ್ಪಿಸಲು ಬಸ್ಸು ಹಿಡಿದು ಮುಂದಿನ ಸ್ಟೇಷನ್ನಿಗೆ ಹೋಗುವ ಜಾಣರಿದ್ದಾರೆ, ನಾನೂ ಒಬ್ಬ. ಆದರೆ ಮೊದಲ ಸಲ ಬರುವವರು, ಅದರಲ್ಲೂ ವಯಸ್ಸಾದವರು, ದುಡ್ಡು ಕೊಟ್ಟು ನೇರವಾಗಿ ಸರ್ಕ್ಯುಲರ್ ಕೀ ಸ್ಟೇಷನ್ನಿಗೆ ಹೋಗಲಿ. ದಾರಿಯ ಬಹುಪಾಲು ಸುರಂಗದಲ್ಲಿದ್ದ ಎರಡಂತಸ್ತಿನ ರೈಲು ಬೆಳಕಿಗೆ ಬಂದು ನಿಂತಾಗ ಪ್ಲಾಟ್‌ಫಾರ್ಮ್ ನೆಲದಿಂದ ಮೇಲಿರುತ್ತದೆ, ಕೆಳಗೆ ದೋಣಿಕಟ್ಟೆಗಳು, ಎದುರಿಗೆ ಇಡೀ ಬಂದರು. ಜಿಲ್ಲೆಯಲ್ಲಿ ರೈಲುಹಳಿಯೇ ಇಲ್ಲದ ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಪ್ರವೇಶ ಬೇರೆ ಇಲ್ಲ.

ಇನ್ನು ರೈಲು, ಬಸ್ಸು, ಫೆರಿಗಳಿಗೆಲ್ಲ ನಡೆಯುವ ಒಪಲ್ ಕಾರ್ಡಿನ ವಿಷಯ. ಬ್ಯಾಂಕಿನ ಕಾರ್ಡನ್ನೇ ತೋರಿಸಿದರೂ ನಡೆಯುತ್ತದೆ, ಆದರೆ ಒಬ್ಬೊಬ್ಬರಿಗೆ ಒಂದೊಂದು ಕಾರ್ಡು ಬೇಕು. ನನ್ನ ತಂದೆ ಮೊದಲ ಸಲ ಬಂದಾಗ ತಾವು ಒಳಹೋಗಿ, ಅದೇ ಕಾರ್ಡನ್ನು ಗೇಟಿನ ಮೇಲಿಂದ ಅಮ್ಮನಿಗೆ ದಾಟಿಸಿದ್ದರು. ಯಂತ್ರದ ಪ್ರಕಾರ ಅಪ್ಪ ಇಳಿದು ಹೋಗಿದ್ದರು, ಅಮ್ಮ ಬಂದೇ ಇರಲಿಲ್ಲ. ಇಳಿಯುವಾಗಲೂ ಕಾರ್ಡು ಮುಟ್ಟಿಸಬೇಕು, ಮರೆತರೆ ಗರಿಷ್ಠ ದರ ಕಡಿತ. ದಿನಕ್ಕೆ ಇಷ್ಟೇ ಎಂದು ಮಿತಿಯಿದೆ, ಶುಕ್ರವಾರದಿಂದ ಭಾನುವಾರದವರೆಗೆ ಅದು ಇನ್ನೂ ಕಡಿಮೆ.

ಈಗ ನನಗೆ ನಿಜವಾಗಿ ಹೇಳಬೇಕಾದದ್ದು. ನಾವು ಅಲ್ಲಿ ನೆಲೆಸಿದವರು ಅತಿಥಿಗಳನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ ಊರು ತೋರಿಸುತ್ತೇವೆ. ಒಂದು ದೇವಸ್ಥಾನ, ಎರಡು ಮಾಲ್, ಒಬ್ಬ ಗೆಳೆಯನ ಮನೆಯಲ್ಲಿ ಬಿಸಿಬೇಳೆಬಾತ್, ಸಂಜೆ ಪಾರ್ಕಿಂಗ್ ಸಿಗದೆ ಒಪೆರಾ ಹೌಸಿಗೆ ದೂರದಿಂದಲೇ ನಮಸ್ಕಾರ. ಸಿಡ್ನಿ ರಸ್ತೆಯ ಊರಲ್ಲ, ನೀರಿನ ಊರು. 1788ರಲ್ಲಿ ಹಡಗಿನಲ್ಲಿ ಕೈದಿಗಳನ್ನು ತಂದವರು ಸರ್ಕ್ಯುಲರ್ ಕೀ ಇರುವ ಕೊಲ್ಲಿಯಲ್ಲಿ ಇಳಿದದ್ದು ಅಲ್ಲಿ ಒಂದು ಸಿಹಿನೀರಿನ ತೊರೆ ಸಮುದ್ರ ಸೇರುತ್ತಿತ್ತೆಂಬ ಕಾರಣಕ್ಕೆ. ಅದಕ್ಕೂ ಮೊದಲು ಅಲ್ಲಿನ ಮೂಲನಿವಾಸಿಗಳಾದ ಗಾಡಿಗಲ್ ಜನ ಆ ಕೊಲ್ಲಿಯನ್ನು ವಾರಾನ್ ಎನ್ನುತ್ತಿದ್ದರು. ಆ ತೊರೆ ಈಗ ರಸ್ತೆಗಳ ಅಡಿಯಲ್ಲಿ ಕೊಳವೆಯೊಳಗೆ ಹರಿಯುತ್ತಿದೆ. ಊರನ್ನು ಅದು ಹುಟ್ಟಿದ ಕಡೆಯಿಂದ, ಅಂದರೆ ನೀರಿನಿಂದ ನೋಡಬೇಕು.

ಅದಕ್ಕೆ ಭೋಜನ ಸಮೇತದ ದುಬಾರಿ ವಿಹಾರನೌಕೆ ಬೇಡ. ಸರ್ಕ್ಯುಲರ್ ಕೀಯಿಂದ ಹೊರಡುವ, ಆಫೀಸಿಗೆ ಹೋಗುವವರು ಹತ್ತುವ ಮ್ಯಾನ್ಲಿ ಫೆರಿ ಸಾಕು, ಅದಕ್ಕೂ ಅದೇ ಒಪಲ್ ಕಾರ್ಡು. ದೊಡ್ಡಪ್ಪನಿಗೆ ಕಾಗದದ ಮೇಲೆ ಬಾಣ ಬರೆದು ತೋರಿಸಿದೆ: ಹೋಗುವಾಗ ಬಲಗಡೆ ಕುಳಿತುಕೊಳ್ಳಿ, ಹೊರಗಿನ ಬೆಂಚಿನಲ್ಲಿ. ಕಟ್ಟೆ ಬಿಟ್ಟ ಒಂದೆರಡು ನಿಮಿಷದಲ್ಲಿ ಒಪೆರಾ ಹೌಸ್ ನಿಮ್ಮ ಪಕ್ಕದಲ್ಲೇ ತಿರುಗುತ್ತದೆ. ನಿಂತು ನೋಡುವವರಿಗೆ ಅದು ಒಂದು ಕಟ್ಟಡ, ಫೆರಿಯಲ್ಲಿರುವವರಿಗೆ ಮಾತ್ರ ಚಾವಣಿಯ ಆ ಚಿಪ್ಪುಗಳು ಒಂದರ ಹಿಂದೊಂದು ಬಿಚ್ಚಿಕೊಂಡು ಮತ್ತೆ ಮುಚ್ಚಿಕೊಳ್ಳುತ್ತವೆ. ಹಾರ್ಬರ್ ಸೇತುವೆ ಬೇಕಾದವರು ಹಿಂಭಾಗಕ್ಕೆ ಹೋಗಿ ನಿಲ್ಲಲಿ. ಸುಮಾರು ಅರ್ಧ ಗಂಟೆಯ ಪಯಣ. ನಡುವೆ ಒಂದು ಕಡೆ ಬಲಗಡೆಯ ಬಂಡೆಗಳು ಸರಿದು ತೆರೆದ ಸಾಗರ ಕಾಣುತ್ತದೆ, ಅಲ್ಲಿ ದೋಣಿ ಹೊಯ್ದಾಡುತ್ತದೆ. ಹೆದರುವಂಥದ್ದೇನಿಲ್ಲ, ಸಂಪಾಜೆ ಘಾಟಿಯ ತಿರುವುಗಳಲ್ಲಿ ಬಸ್ಸು ಇದಕ್ಕಿಂತ ಹೆಚ್ಚು ಹೊಯ್ದಾಡುತ್ತದೆ. ಮ್ಯಾನ್ಲಿಯಲ್ಲಿ ಇಳಿದು ಅಂಗಡಿ ಬೀದಿಯಲ್ಲಿ ಹತ್ತು ನಿಮಿಷ ನಡೆದರೆ ಆ ಕಡೆ ಪೆಸಿಫಿಕ್. ಕಾಲು ನೆನೆಸುವುದಾದರೂ ಕೆಂಪು-ಹಳದಿ ಬಾವುಟಗಳ ನಡುವೆಯೇ ಇಳಿಯಬೇಕು. ಮೀನು, ಆಲೂ ಚಿಪ್ಸ್ ಕೊಂಡರೆ ಸೂರಿನ ಕೆಳಗೆ ತಿನ್ನಿ. ಅಲ್ಲಿನ ಕಡಲಹಕ್ಕಿಗಳ ಮುಂದೆ ನಮ್ಮ ತಲಕಾವೇರಿ ಕಡೆಯ ಕೋತಿಗಳು ಸಂಭಾವಿತರು.

ಪಶ್ಚಿಮದ ಬಡಾವಣೆಗಳಲ್ಲಿರುವ ಓದುಗರಿಗೆ ಇನ್ನೊಂದು ಮಾತು. ಪ್ಯಾರಮಟ್ಟಾದಿಂದಲೂ ನದಿಯ ಮೇಲೆ ಫೆರಿ ಇದೆ, ಅತಿಥಿಗಳನ್ನು ಅದರಲ್ಲಿ ಹತ್ತಿಸಿಬಿಡಿ. ಇಳಿತದ ಹೊತ್ತಿನಲ್ಲಿ ದೋಣಿ ರೈಡಲ್‌ಮಿಯರ್‌ನಿಂದ ಮೇಲಕ್ಕೆ ಬರುವುದಿಲ್ಲ, ಬದಲಿಗೆ ಬಸ್ಸು ಹಾಕುತ್ತಾರೆ. ಮೊದಲೇ ವೇಳಾಪಟ್ಟಿ ನೋಡಿಕೊಳ್ಳಿ.

ಒಪೆರಾ ಹೌಸಿನ ಒಳಗೆ ಹೋಗದಿದ್ದರೂ ಮೆಟ್ಟಿಲು ಹತ್ತಿ ಚಿಪ್ಪಿನ ಬುಡಕ್ಕೆ ಕೈಯಿಟ್ಟು ನೋಡಬೇಕು. ದೂರಕ್ಕೆ ಅಚ್ಚ ಬಿಳಿಯಾಗಿ ಕಾಣುವುದು ಹತ್ತಿರದಲ್ಲಿ ಬಿಳಿಯೇ ಅಲ್ಲ. ಹೊಳೆಯುವ ಬಿಲ್ಲೆ ಒಂದು ಬಗೆ, ಹೊಳಪಿಲ್ಲದ ಕೆನೆಬಣ್ಣದ ಬಿಲ್ಲೆ ಇನ್ನೊಂದು, ಎರಡನ್ನೂ ಜೋಡಿಸಿದ್ದಾರೆ. ಅಂಥವು ಹತ್ತು ಲಕ್ಷಕ್ಕೂ ಮೀರಿ ಇವೆ, ಎಲ್ಲ ಸ್ವೀಡನ್ನಿನಿಂದ ಬಂದವು. “ಮಳೆಗೆ ಮೊದಲು ಹೆಂಚು ಸರಿಮಾಡಲು ಯಾರು ಹತ್ತುತ್ತಾರೆ?” ಎಂಬುದು ದೊಡ್ಡಪ್ಪನ ಪ್ರಶ್ನೆ. ಕಟ್ಟಡದ ನಕ್ಷೆ ಮಾಡಿದ ಡೆನ್ಮಾರ್ಕಿನ ಯೋರ್ನ್ ಉಟ್ಸನ್ ಸರ್ಕಾರದೊಂದಿಗೆ ಮನಸ್ತಾಪವಾಗಿ 1966ರಲ್ಲಿ ಊರು ಬಿಟ್ಟವರು ಮತ್ತೆ ಬರಲಿಲ್ಲ. 1973ರಲ್ಲಿ ಉದ್ಘಾಟನೆಯಾದ ತಮ್ಮ ಕಟ್ಟಡವನ್ನು ಕಣ್ಣಾರೆ ನೋಡಲೇ ಇಲ್ಲ ಎಂದಾಗ ದೊಡ್ಡಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಸೇತುವೆಯ ಕಮಾನು ಹತ್ತಿಸಲು ಬಹಳ ದುಡ್ಡು ಕೇಳುತ್ತಾರೆ, ಅದರ ಮೇಲೆ ನಡೆಯಲು ಏನೂ ಇಲ್ಲ. ಪೂರ್ವದ ಬದಿಯ ಕಾಲುದಾರಿ ಹಿಡಿದು ಮಿಲ್ಸನ್ಸ್ ಪಾಯಿಂಟ್ ತನಕ ಹೋಗಿ, ರೈಲಿನಲ್ಲಿ ವಾಪಸ್ಸಾದರೆ ಮಂಡಿಗೂ ಕ್ಷೇಮ. 1932ರ ಮಾರ್ಚ್ 19ರಂದು ಈ ಸೇತುವೆಯ ಉದ್ಘಾಟನೆಗೆ ಪ್ರೀಮಿಯರ್, ಅಂದರೆ ರಾಜ್ಯದ ಮುಖ್ಯಮಂತ್ರಿ, ಜಾಕ್ ಲ್ಯಾಂಗ್ ರಿಬ್ಬನ್ ಕತ್ತರಿಸುವ ಮೊದಲೇ ಫ್ರಾನ್ಸಿಸ್ ಡಿ ಗ್ರೂಟ್ ಎಂಬಾತ ಕುದುರೆಯ ಮೇಲೆ ಬಂದು ಖಡ್ಗದಿಂದ ಅದನ್ನು ಕಡಿದುಹಾಕಿದ್ದ. ರಿಬ್ಬನ್ನನ್ನು ಮತ್ತೆ ಗಂಟು ಹಾಕಿ ಲ್ಯಾಂಗ್ ಕೈಯಿಂದ ಕತ್ತರಿಸಿದರು. ನೆರೆಮನೆಯ ಕೊಡವರ ಮದುವೆಗಳಲ್ಲಿ ಒಡಿಕತ್ತಿಯಿಂದ ಬಾಳೆದಿಂಡು ಕಡಿಯುವುದನ್ನು ನೋಡಿ ಬೆಳೆದ ದೊಡ್ಡಪ್ಪನಿಗೆ ಇಡೀ ಪಾಠದಲ್ಲಿ ಹಿಡಿಸಿದ್ದು ಇದೊಂದೇ. “ಒಂದೇ ಏಟಿಗೆ ತುಂಡಾಯಿತೇ?” ಎಂದು ಎರಡು ಸಲ ಕೇಳಿದರು.

ಸೂರ್ಯಾಸ್ತಕ್ಕೆ ಮಿಸೆಸ್ ಮ್ಯಾಕ್ವಾರೀಸ್ ಚೇರ್. ಮಡಿಕೇರಿಗೆ ರಾಜಾಸೀಟ್ ಇದ್ದಂತೆ ಸಿಡ್ನಿಗೆ ಇದು. ಗವರ್ನರನ ಹೆಂಡತಿ ಕುಳಿತು ಹಡಗು ನೋಡಲೆಂದು 1810ರಲ್ಲಿ ಕೈದಿಗಳು ಬಂಡೆಯಲ್ಲಿ ಕಡೆದ ಆಸನ. ಒಪೆರಾ ಹೌಸಿನಿಂದ ಸಸ್ಯೋದ್ಯಾನದ ದಂಡೆ ಹಿಡಿದು ನಿಧಾನವಾಗಿ ನಡೆದರೆ ಅರ್ಧ ಗಂಟೆ. ಮೇ ತಿಂಗಳಲ್ಲಿ ಅಲ್ಲಿ ಐದು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ, ಉದ್ಯಾನದ ಗೇಟನ್ನೂ ಕತ್ತಲಾಗುತ್ತಲೇ ಹಾಕುತ್ತಾರೆ. ಹಾಗಾಗಿ ನಾಲ್ಕಕ್ಕೇ ಹೊರಡಬೇಕು. ದಾರಿಯಲ್ಲಿ ಮರಗಳನ್ನೂ ನೋಡಿ ಎಂದೆ. ನಮ್ಮ ತೋಟಗಳಿಗೆ ನೆರಳು ಕೊಡುವ, ಮೆಣಸಿನ ಬಳ್ಳಿ ಹೊರುವ ಸಿಲ್ವರ್ ಮರದ ತವರು ಆಸ್ಟ್ರೇಲಿಯಾದ ಪೂರ್ವ ಕರಾವಳಿ ಎಂದರೆ ದೊಡ್ಡಪ್ಪ ನಂಬಲಿಲ್ಲ. “ಅಜ್ಜನ ಕಾಲದಿಂದ ಇಲ್ಲಿದೆ” ಎಂದರು.

ಬ್ಲೂ ಮೌಂಟನ್ಸ್ ಬೇಡವೆಂದೆ. ಮಂಜು, ಕಣಿವೆ ನೋಡಲು ಮಡಿಕೇರಿಯವರು ಎರಡು ಗಂಟೆ ರೈಲಿನಲ್ಲಿ ಕೂರುವುದೇಕೆ? ಹೆಲೆನ್ಸ್‌ಬರ್ಗಿನ ವೆಂಕಟೇಶ್ವರನ ದೇವಸ್ಥಾನವೂ ಮೂರು ದಿನದವರಿಗೆ ದೂರವೇ, ಆದರೆ ಆ ವಿಷಯದಲ್ಲಿ ದೊಡ್ಡಮ್ಮ ನನ್ನ ಮಾತು ಕೇಳುವವರಲ್ಲ. ಬಾಟಲಿ ನೀರಿಗೆ ಕಾಸು ಸುರಿಯಬೇಡಿ, ನಲ್ಲಿಯ ನೀರು ಚೆನ್ನಾಗಿದೆ. ಕಾಫಿ ಹುಚ್ಚಿರುವ ಊರೇ, ಆದರೆ ಬಹಳಷ್ಟು ಕಾಫಿ ಅಂಗಡಿಗಳು ಮಧ್ಯಾಹ್ನ ಮೂರು-ನಾಲ್ಕಕ್ಕೆ ಬಾಗಿಲು ಹಾಕುತ್ತವೆ. ಸರಿಯಾಗಿ ನಮಗೆ ಕಾಫಿ ಬೇಕೆನಿಸುವ ಹೊತ್ತಿಗೆ! ದೊಡ್ಡಮ್ಮ ಫಿಲ್ಟರನ್ನೂ ಪೆಟ್ಟಿಗೆಗೆ ಸೇರಿಸಿದರು, ನಾನು ತಡೆಯಲಿಲ್ಲ.

ಇಷ್ಟು ಬರೆಯುವ ಹೊತ್ತಿಗೆ ಮೊಬೈಲಿಗೆ ಚಿತ್ರವೊಂದು ಬಂತು. ಒಪೆರಾ ಹೌಸ್ ಇರಬಹುದೆಂದು ತೆರೆದೆ. ಒಂದು ಮರದ ಬೊಡ್ಡೆ, ಅದರ ಮೇಲೆ ದೊಡ್ಡಪ್ಪನ ಅಂಗೈ. ಕೆಳಗೆ ಬರೆದಿದ್ದರು: “ಸಿಲ್ವರ್ ಮರವೇ. ಇಷ್ಟು ನೆಟ್ಟಗೆ ಬೆಳೆದಿದೆ, ಒಂದು ಮೆಣಸಿನ ಬಳ್ಳಿ ಹಬ್ಬಿಸಿಲ್ಲವಲ್ಲ.”