ತಾರಸಿ ಮೇಲೆ ಬೀಳುವ ಮಳೆ ಎಷ್ಟು?

ಬಸವನಗುಡಿ, ಬೆಂಗಳೂರು

ಚಿ. ಪುಟ್ಟಿಗೆ ಆಶೀರ್ವಾದಗಳು.

ಲೆಕ್ಕ ಓದಿದ ತಕ್ಷಣ ನಿನ್ನ ಏಳನೇ ಕ್ಲಾಸಿನ ಮಕ್ಕಳು "ಮಿಸ್, ಇದು ಗುಣಿಸೋದಾ, ಭಾಗಿಸೋದಾ?" ಅಂತ ಕೇಳುತ್ತಾರೆ ಎಂದು ಬರೆದಿದ್ದೀಯ. ಅದು ಮಕ್ಕಳ ತಪ್ಪಲ್ಲ. ನಾವು ಕೊಡುವ ಲೆಕ್ಕದಲ್ಲಿ ಬೇಕಾದ ಅಂಕಿಗಳೆಲ್ಲ ಇರುತ್ತವೆ, ಬೇಡದ್ದು ಒಂದೂ ಇರುವುದಿಲ್ಲ. ಅವರಿಗೆ ಕೇಳುವುದಕ್ಕೆ ಉಳಿಯುವುದು ಅದೊಂದೇ ಅಲ್ವಾ?

ವಾರಕ್ಕೊಂದು ದಿನ ಅಂಕಿಯೇ ಇಲ್ಲದ ಲೆಕ್ಕ ಕೊಡು. "ನಮ್ಮ ತಾರಸಿ ಮೇಲೆ ವರ್ಷಕ್ಕೆ ಎಷ್ಟು ಮಳೆ ನೀರು ಬೀಳುತ್ತೆ? ಮನೆಗೆ ಎಷ್ಟು ದಿನಕ್ಕೆ ಸಾಕಾಗುತ್ತೆ?" ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದ ಮಕ್ಕಳು ಅವರು, ಕಿವಿ ನೆಟ್ಟಗಾಗುತ್ತದೆ. ಮೊದಲು ಗಲಾಟೆ ಆಗುತ್ತದೆ, ಆಗಲಿ. ಯಾರೋ ಒಬ್ಬರು ಮೂವತ್ತು ನಲವತ್ತರ ಸೈಟು ಅನ್ನುತ್ತಾರೆ. 1,200 ಚದರ ಅಡಿ, ಸುಮಾರು 110 ಚದರ ಮೀಟರ್. ಬೆಂಗಳೂರಿನ ಮಳೆ ವರ್ಷಕ್ಕೆ ಒಂದು ಮೀಟರ್‌ಗೆ ಸ್ವಲ್ಪ ಕಡಿಮೆ. ಒಂದೇ ಅಂತ ಇಟ್ಟುಕೊಳ್ಳಲಿ. 110 ಘನ ಮೀಟರ್ ನೀರು, ಘನ ಮೀಟರ್‌ಗೆ ಸಾವಿರ ಲೀಟರ್‌ನಂತೆ 1,10,000 ಲೀಟರ್! ನಾಲ್ಕು ಜನರಿಗೆ ದಿನಕ್ಕೆ 500 ಲೀಟರ್ ಅಂದರೆ 220 ದಿನ.

ಪಾಠ ಶುರುವಾಗುವುದು ಇಲ್ಲಿಂದ. ಸೈಟೆಲ್ಲಾ ತಾರಸಿ ಅಲ್ಲ ಅಂತ ಒಬ್ಬ ಹೇಳಲಿ. ಸೆಪ್ಟೆಂಬರ್‌ನಲ್ಲಿ ಒಂದೇ ಸಮ ಸುರಿದರೆ ಹತ್ತು ಸಾವಿರ ಲೀಟರ್ ಸಂಪು ತುಂಬಿ ಹರಿಯಲ್ವಾ ಅಂತ ಇನ್ನೊಬ್ಬಳು ಕೇಳಲಿ. 220 ಇಳಿಯುತ್ತಾ ಹೋಗುತ್ತದೆ. ಒಬ್ಬರಿಗೆ 150, ಇನ್ನೊಬ್ಬರಿಗೆ 80 ಬಂದರೆ ಎರಡೂ ಸರಿ ಇರಬಹುದು. "ಯಾಕೆ ಹಾಗೆ ಅಂದುಕೊಂಡೆ?" ಎಂದು ಕೇಳು, ಅಂಕವನ್ನು ಆ ಮಾತಿಗೆ ಕೊಡು. ಆದರೆ 5,000 ದಿನ ಅಂತ ಬಂದರೆ ಬಿಡಬೇಡ. ಅದು ಹೇಗೆ ಆಗದ ಮಾತು ಅಂತ ಅವರ ಬಾಯಲ್ಲೇ ಹೇಳಿಸು.

ಅಂದಾಜು ಗಣಿತವೇ ಅಲ್ಲ ಅನ್ನುವವರು ಸ್ಟಾಫ್ ರೂಮಿನಲ್ಲಿ ಇದ್ದೇ ಇರುತ್ತಾರೆ. ಭೌತವಿಜ್ಞಾನಿ ಎನ್ರಿಕೊ ಫರ್ಮಿ ಇಂಥ ಪ್ರಶ್ನೆಗಳಿಗೇ ಹೆಸರಾದವರು. ಷಿಕಾಗೋದಲ್ಲಿ ಪಿಯಾನೊ ಶ್ರುತಿ ಮಾಡುವವರು ಎಷ್ಟು ಜನ ಅನ್ನುವುದು ಅವರ ಪ್ರಶ್ನೆ. ನಮ್ಮ ಮಕ್ಕಳಿಗೆ ಪಿಯಾನೊ ಯಾಕೆ, ಕಡಲೆಕಾಯಿ ಪರಿಷೆ ಇದೆಯಲ್ಲ.

ಆ ಪರಿಷೆಯ ಲೆಕ್ಕವನ್ನೇ ನಾನು ಒಮ್ಮೆ ಹಾಳು ಮಾಡಿದ್ದೇನೆ. ಒಂದು ರಾಶಿಯಲ್ಲಿ ಎಷ್ಟು ಕಾಯಿ ಅಂತ ಕೇಳಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಚಿತ್ರ ಬರೆದುಕೊಂಡು ಏನೋ ಮಾಡುತ್ತಿದ್ದಳು. ಗಂಟೆ ಹೊಡೆಯುವ ಹೊತ್ತಾಯಿತೆಂದು ನಾನೇ ಬೋರ್ಡ್ ಮೇಲೆ ಉತ್ತರ ಬರೆದುಬಿಟ್ಟೆ. ಅವಳು ತನ್ನದನ್ನು ಅಳಿಸಿ ನನ್ನದನ್ನು ಬರೆದುಕೊಂಡಳು. ಅವಳ ದಾರಿ ಏನಿತ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ನೀನು ಹಾಗೆ ಮಾಡಬೇಡಮ್ಮ. ಗಂಟೆ ಹೊಡೆದರೆ ಹೊಡೆಯಲಿ, ಲೆಕ್ಕ ನಾಳೆಗೂ ಇರಲಿ.

ಕಾರ್ತಿಕದ ಕೊನೇ ಸೋಮವಾರ ಮನೆಗೆ ಬಾ. ಪರಿಷೆಯಲ್ಲಿ ಒಂದು ಸೇರು ಕಡಲೆಕಾಯಿ ತಂದು ಇಬ್ಬರೂ ಕೂತು ಎಣಿಸೋಣ. ಎಷ್ಟಿರಬಹುದು ಅಂತ ಈಗಲೇ ಒಂದು ಚೀಟಿಯಲ್ಲಿ ಬರೆದಿಡು. ನಾನೂ ಬರೆದಿಟ್ಟಿದ್ದೇನೆ.

ನಿನ್ನ ದೊಡ್ಡಪ್ಪ