ಸೀನಿಯರ್ ಸಿಸ್ಟರ್‌ಗೂ ಕೈ ತೊಳೆಯುವ ಪಾಠವೇ?

ಸಂಪಾದಕರಿಗೆ,

ಮಾನ್ಯರೇ,

ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ, ವರ್ಷಗಟ್ಟಲೆ ವಾರ್ಡಿನಲ್ಲಿ ದುಡಿದು, ಆಮೇಲೆ ಡಿಪ್ಲೊಮಾ ಆದವರಿಗೆಂದೇ ಇರುವ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ನರ್ಸಿಂಗ್‌ಗೆ ಸೇರುವವರು ಬೆಂಗಳೂರಿನಲ್ಲಿ ಬಹಳ ಜನ. ನಾನೂ ನಲವತ್ತು ದಾಟಿದ ಮೇಲೆ ಸೇರಿದವಳು.

ಆಸ್ಪತ್ರೆಯಲ್ಲಿ ನಾವು ‘ಸಿಸ್ಟರ್’. ಹೊಸ ಡಾಕ್ಟರುಗಳೂ ನಮ್ಮನ್ನು ಒಂದು ಮಾತು ಕೇಳುತ್ತಾರೆ. ಕ್ಲಾಸಿನಲ್ಲಿ ನಮಗಿಂತ ಚಿಕ್ಕವರಾದ ಮೇಡಂ ಮುಂದೆ ಎದ್ದು ನಿಲ್ಲಬೇಕು. ಅದಕ್ಕೇನೂ ಬೇಜಾರಿಲ್ಲ, ಓದಲು ಬಂದ ಮೇಲೆ ವಿದ್ಯಾರ್ಥಿಯೇ ಅಲ್ವಾ? ಬೇಜಾರಾಗುವುದು ಕಮ್ಯುನಿಟಿ ಪೋಸ್ಟಿಂಗ್‌ನಲ್ಲಿ, ಅಂದರೆ ಬಡಾವಣೆಗಳಿಗೆ ಹೋಗಿ ಮನೆಗಳಲ್ಲಿ ಮಾಡುವ ತರಬೇತಿಯಲ್ಲಿ.

ಗೋರಿಪಾಳ್ಯದಂಥ ಕಡೆ ಮನೆ ಮನೆಗೆ ಹೋಗಬೇಕಾದರೆ ಕನ್ನಡ, ತಮಿಳು, ಉರ್ದು ಮೂರೂ ಬೇಕು. ಗರ್ಭಿಣಿಗೆ 180 ದಿನ ಕಬ್ಬಿಣಾಂಶದ ಮಾತ್ರೆ ಅಂತ ಪುಸ್ತಕದಲ್ಲಿದೆ. ಆಕೆ ವಾಂತಿ ಬರುತ್ತೆ ಅಂತ ಅದನ್ನು ಡಬ್ಬದಲ್ಲೇ ಇಟ್ಟಿರಬಹುದು. ಇಲ್ಲವೇ ಟೀ ಜೊತೆ ನುಂಗುತ್ತಿರಬಹುದು. ಟೀ ಜೊತೆ ತಗೊಂಡರೆ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆ. ಇದನ್ನು ಅತ್ತೆಯ ಎದುರೇ ಕೇಳಬೇಕೋ, ಪಕ್ಕಕ್ಕೆ ಕರೆದು ಕೇಳಬೇಕೋ? ಎಷ್ಟೋ ಬಾಣಂತಿಯರನ್ನು ನೋಡಿದ ಸಿಸ್ಟರ್‌ಗೆ ಅದು ಗೊತ್ತು. ಆದರೆ ನಮ್ಮಲ್ಲಿ ಅದಕ್ಕೆ ಅಂಕವಿಲ್ಲ. ಒಂದೊಂದು ಮನೆಯವರ ಆರೋಗ್ಯದ ವಿವರ ಬರೆದಿಡುವ ಫ್ಯಾಮಿಲಿ ಫೋಲ್ಡರನ್ನು ಇಂಗ್ಲಿಷಿನಲ್ಲಿ ನೀಟಾಗಿ ಬರೆದರೆ ಅಂಕ.

ಹಾಗಂತ ನಮಗೆ ಎಲ್ಲಾ ಗೊತ್ತು ಅಂತಲ್ಲ. ವಾರ್ಡಿನಲ್ಲಿ ರೋಗಿ ನಾವು ಹೇಳಿದಂತೆ ಕೇಳಬೇಕು. ಮನೆಗೆ ಹೋದರೆ ಹೊರಗಿನವರು ನಾವು. ಬಾಗಿಲಲ್ಲಿ ಕಾಯಬೇಕು, ‘ಆಮೇಲೆ ಬನ್ನಿ’ ಅಂದರೆ ಸುಮ್ನೆ ವಾಪಸ್ ಹೋಗಬೇಕು. ಇಷ್ಟು ವರ್ಷ ಮೈಗಂಟಿದ ಗತ್ತು ಬಿಡುವುದು ಕಷ್ಟ. ಪಿಯುಸಿ ಮುಗಿಸಿ ಬಂದ ಹುಡುಗಿಯರಿಗೆ ಈ ಕಷ್ಟವೇ ಇಲ್ಲ. ನಾವು ನಿಜವಾಗಿ ಕಲಿಯಬೇಕಾದ್ದು ಇದನ್ನು, ಇದರ ಬಗ್ಗೆ ಕ್ಲಾಸಿನಲ್ಲಿ ಯಾರೂ ಮಾತಾಡುವುದಿಲ್ಲ. ಮನೆ ಭೇಟಿಯ ಚೀಲವನ್ನು ಸೋಂಕು ಹರಡದಂತೆ ಬಳಸುವ ‘ಬ್ಯಾಗ್ ಟೆಕ್ನಿಕ್’ ಮಾತ್ರ ಮೊದಲಿನಿಂದ ಕಲಿಸುತ್ತಾರೆ, ಕೈ ತೊಳೆಯುವುದೂ ಸೇರಿ!

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಮತ್ತು ಕಾಲೇಜುಗಳಲ್ಲಿ ನನ್ನ ಮನವಿ ಇಷ್ಟೇ. ನಮ್ಮಂಥವರನ್ನು ನಾಲ್ಕು ವರ್ಷದ ಬಿಎಸ್ಸಿ ಹುಡುಗಿಯರ ಜೊತೆ ಜೋಡಿ ಮಾಡಿ ಫೀಲ್ಡಿಗೆ ಕಳಿಸಲಿ. ಅವರಿಗೆ ಮಾತಾಡಿಸುವ ರೀತಿ ಗೊತ್ತಾಗುತ್ತದೆ, ನಮಗೆ ಅವರಿಂದ ರೆಕಾರ್ಡ್ ಬರೆಯುವುದು ಸಲೀಸಾಗುತ್ತದೆ. ಮನೆಯವರೊಂದಿಗೆ ಹೇಗೆ ಮಾತಾಡಿದೆವು ಎಂಬುದಕ್ಕೂ ಇಂಟರ್ನಲ್ಸ್‌ನಲ್ಲಿ ಅಂಕವಿರಲಿ. ಜನರಿಗೆ ಕೊಡುವ ಆರೋಗ್ಯದ ತಿಳಿವಳಿಕೆಯನ್ನು ಕನ್ನಡದಲ್ಲೇ ಕೇಳಿ ಅಂಕ ಹಾಕಲಿ. ಜೋಡಿ ಮಾಡುವುದಕ್ಕಂತೂ ಯಾವ ಆದೇಶವೂ ಬೇಕಿಲ್ಲ, ಮುಂದಿನ ಪೋಸ್ಟಿಂಗ್ ಪಟ್ಟಿ ಹಾಕುವಾಗಲೇ ಶುರು ಮಾಡಬಹುದು.

– ನರ್ಸಿಂಗ್ ವಿದ್ಯಾರ್ಥಿನಿ, ಬೆಂಗಳೂರು