ಗೆಳೆಯನಿಗೊಂದು ಪತ್ರ: ಸೋತವರ ಪಂದ್ಯಕ್ಕೆ ಬಾ

ಒಮಾಹಾ, ನೆಬ್ರಾಸ್ಕಾ
ಜುಲೈ 2025

ಪ್ರೀತಿಯ ಮಂಜು,

ಹೋದ ತಿಂಗಳು ಕಳಿಸಿದ ಸ್ಟೇಡಿಯಂ ಫೋಟೊ ನೋಡಿ ನೀನು ಕೇಳಿದ್ದೆ, ಕಾಲೇಜು ಹುಡುಗರ ಆಟಕ್ಕೆ ಇಷ್ಟೊಂದು ಜನ ಯಾಕೋ ಸೇರುತ್ತಾರೆ ಅಂತ. ಫೋನಿನಲ್ಲಿ ಹೇಳಲು ಹೋದರೆ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಮ್ಮ ಉಳಿದ ಗೆಳೆಯರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಪುರುಸೊತ್ತು ಮಾಡಿಕೊಂಡು ಓದು.

ನಾನಿರುವ ಈ ಒಮಾಹಾ ಮಿಸ್ಸೂರಿ ನದಿಯ ದಂಡೆಯ ಊರು. ವರ್ಷದ ಉಳಿದ ದಿನಗಳಲ್ಲಿ ಹೊರಗಿನವರು ಇದರ ಹೆಸರೆತ್ತುವುದು ಕಡಿಮೆ. ಆದರೆ ಅಮೆರಿಕದಲ್ಲಿ ಕಾಲೇಜು ಬೇಸ್‌ಬಾಲ್ ಆಡುವ ಯಾವ ಹುಡುಗನನ್ನು ಬೇಕಾದರೂ ಕೇಳು, ಜೂನ್‌ನಲ್ಲಿ ಒಮಾಹಾಕ್ಕೆ ಹೋಗಬೇಕು ಅನ್ನುತ್ತಾನೆ. ಕಾಲೇಜ್ ವರ್ಲ್ಡ್ ಸೀರೀಸ್ ನಡೆಯುವುದು ಇಲ್ಲಿ. 1947ರಲ್ಲಿ ಮಿಷಿಗನ್ ರಾಜ್ಯದ ಕಲಮಜೂ ಊರಿನಲ್ಲಿ ಶುರುವಾಗಿ, 1950ರಿಂದ ಇಲ್ಲೇ ನೆಲೆಯಾಯಿತು. ಮುಂದೆ ಅಮೆರಿಕದ ಅಧ್ಯಕ್ಷರಾದ ಹಿರಿಯ ಬುಷ್ ಮೊದಲ ಎರಡೂ ಸರಣಿಗಳಲ್ಲಿ ಯೇಲ್ ಪರವಾಗಿ ಆಡಿದ್ದರು. ಎರಡು ಸಲವೂ ಸೋತರು. 2010ರವರೆಗೆ ಮೃಗಾಲಯದ ಪಕ್ಕದ ರೋಸೆನ್‌ಬ್ಲಾಟ್ ಸ್ಟೇಡಿಯಂನಲ್ಲಿ ಆಡುತ್ತಿದ್ದರು. ಆಮೇಲೆ ಪೇಟೆಯ ನಡುವೆ ಹೊಸ ಸ್ಟೇಡಿಯಂ ಬಂತು. ಸುಮಾರು 24 ಸಾವಿರ ಜನ ಹಿಡಿಯುತ್ತದೆ. ಹಳೆಯ ಸ್ಟೇಡಿಯಂ ಕೆಡವಿದ ಜಾಗದಲ್ಲಿ ಒಂದು ಪುಟ್ಟ ಅಂಕಣ ಉಳಿಸಿಕೊಂಡಿದ್ದಾರೆ. ಮೃಗಾಲಯಕ್ಕೆ ಬಂದ ಮಕ್ಕಳು ಅಲ್ಲಿ ಬೇಸಿನಿಂದ ಬೇಸಿಗೆ ಓಡಾಡುತ್ತಿರುತ್ತಾರೆ. ಬೇಸ್ ಅಂದರೆ ಬ್ಯಾಟರ್ ಓಡಿ ಮುಟ್ಟಬೇಕಾದ ನಾಲ್ಕು ಗುರುತುಗಳು, ನಾಲ್ಕೂ ಮುಟ್ಟಿ ಬಂದರೆ ಒಂದು ರನ್.

ಈಗ ಆಟದ ವಿಚಾರ. ಋತು ಶುರುವಾಗುವುದು ಫೆಬ್ರವರಿ ನಡುವಿನಲ್ಲಿ. ಮೇಲಿನ ದರ್ಜೆಯಲ್ಲಿ ಸುಮಾರು 300 ಕಾಲೇಜುಗಳಿವೆ. ಒಂದೊಂದು ತಂಡ 56 ಪಂದ್ಯಗಳವರೆಗೆ ಆಡುತ್ತದೆ. ಶುಕ್ರವಾರ, ಶನಿವಾರ, ಭಾನುವಾರ ಒಂದೇ ಎದುರಾಳಿಯ ಜೊತೆ ಮೂರು ಪಂದ್ಯ, ನಡುವಾರದಲ್ಲಿ ಪಕ್ಕದ ಯಾವುದೋ ಕಾಲೇಜಿನ ಜೊತೆ ಒಂದು. ತಂಡದ ಅತ್ಯುತ್ತಮ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡೆಸೆಯುವವನು, ಶುಕ್ರವಾರ ಎಸೆಯುತ್ತಾನೆ. ಆಮೇಲೆ ಮುಂದಿನ ಶುಕ್ರವಾರದವರೆಗೆ ಅವನನ್ನು ಮುಟ್ಟುವ ಹಾಗಿಲ್ಲ. ನಮ್ಮ ಫಾಸ್ಟ್ ಬೌಲರ್ ಟೆಸ್ಟ್‌ನಲ್ಲಿ ಇವತ್ತು ಇಪ್ಪತ್ತು ಓವರ್ ಹಾಕಿ ನಾಳೆ ಮತ್ತೆ ಬರುತ್ತಾನಲ್ಲ, ಇಲ್ಲಿ ಹಾಗಿಲ್ಲ. ಒಂದೇ ಸಂಜೆ ನೂರು ಎಸೆತ, ಪ್ರತಿಯೊಂದಕ್ಕೂ ಮೈಯ ಬಲವನ್ನೆಲ್ಲ ಹಾಕುತ್ತಾನೆ. ಮೊಣಕೈ, ಭುಜ ಸುಧಾರಿಸಿಕೊಳ್ಳಲು ದಿನಗಳೇ ಬೇಕು. ಇದನ್ನು ನೆನಪಿಟ್ಟುಕೋ. ಟೂರ್ನಿಯ ಕಥೆಯೆಲ್ಲ ನಿಂತಿರುವುದು ಇದರ ಮೇಲೆ. ಯಾವ ತೋಳು ಯಾವತ್ತು ಉಳಿದಿದೆ ಅನ್ನುವುದೇ ಕೋಚ್‌ನ ತಲೆನೋವು.

ಬ್ಯಾಟ್ ವಿಷಯ ಒಂದು ಮಾತು. ವೃತ್ತಿಪರರು ಮರದ ಬ್ಯಾಟ್ ಹಿಡಿಯುತ್ತಾರೆ. ಕಾಲೇಜಿನಲ್ಲಿ 1974ರಿಂದ ಅಲ್ಯೂಮಿನಿಯಂ. ಚೆಂಡಿಗೆ ತಾಗಿದಾಗ ಟಿಂಗ್ ಅಂತ ಸದ್ದು. ಮೊದಮೊದಲು ನನಗೆ ಅದು ಕಿರಿಕಿರಿ ಅನ್ನಿಸುತ್ತಿತ್ತು. ಈಗ ಚಳಿಗಾಲ ಮುಗಿಯುತ್ತಾ ಬಂದಾಗ ಆ ಸದ್ದಿಗೇ ಕಾಯುತ್ತೇನೆ.

ಮೇ ಕೊನೆಯಲ್ಲಿ 64 ತಂಡಗಳನ್ನು ಆರಿಸುತ್ತಾರೆ. ನಾಲ್ಕು ನಾಲ್ಕು ತಂಡಗಳು 16 ಊರುಗಳಲ್ಲಿ ಸೇರುತ್ತವೆ. ಇದು ರೀಜನಲ್. ಗೆದ್ದ 16 ತಂಡಗಳು ಎರಡೆರಡಾಗಿ ಮೂರು ಪಂದ್ಯಗಳ ಸೂಪರ್ ರೀಜನಲ್ ಆಡುತ್ತವೆ. ಅಲ್ಲಿ ಉಳಿದ ಎಂಟು ಒಮಾಹಾಕ್ಕೆ ಬರುತ್ತವೆ. ಈ ವರ್ಷ ಮೊದಲ ವಾರಾಂತ್ಯದಲ್ಲೇ ದೊಡ್ಡವರೆಲ್ಲ ಉರುಳಿದರು ಮಾರಾಯ. ಒಂದನೇ ಶ್ರೇಯಾಂಕದ ವ್ಯಾಂಡರ್‌ಬಿಲ್ಟ್, ಎರಡನೇ ಶ್ರೇಯಾಂಕದ ಟೆಕ್ಸಸ್, ಎರಡೂ ತಮ್ಮ ಅಂಗಳದಲ್ಲೇ ಸೋತು ಮನೆಯಲ್ಲೇ ಉಳಿದವು. ಕೊನೆಗೆ ಕಪ್ ಗೆದ್ದ ಲೂಸಿಯಾನಾದ ಎಲ್‌ಎಸ್‌ಯು ಕೂಡ ಲಿಟಲ್ ರಾಕ್ ಅನ್ನುವ ಸಣ್ಣ ತಂಡಕ್ಕೆ ಒಂದು ಪಂದ್ಯ ಸೋತು, ಮರುದಿನ ಕಷ್ಟಪಟ್ಟು ಪಾರಾಗಿ ಬಂದಿತ್ತು.

ನನಗೆ ಈ ಟೂರ್ನಿ ಇಷ್ಟೊಂದು ಹಿಡಿಸಿರುವುದು ಒಂದು ನಿಯಮದಿಂದ. ಒಂದು ಸಲ ಸೋತರೆ ಆಟ ಮುಗಿಯುವುದಿಲ್ಲ. ಎರಡನೇ ಸಲ ಸೋತರೆ ಮಾತ್ರ ಮನೆಗೆ. ಎಂಟು ತಂಡಗಳನ್ನು ಎರಡು ಗುಂಪು ಮಾಡುತ್ತಾರೆ. ಗೆದ್ದವರು ಗೆದ್ದವರ ಜೊತೆ, ಸೋತವರು ಸೋತವರ ಜೊತೆ ಆಡುತ್ತಾರೆ. ಗೆಲ್ಲುತ್ತಾ ಹೋದವರಿಗೆ ನಡುವೆ ವಿಶ್ರಾಂತಿ ಸಿಗುತ್ತದೆ, ಪಿಚರ್‌ಗಳ ತೋಳು ಉಳಿಯುತ್ತದೆ. ಮೊದಲೇ ಸೋತವರು ದಿನಾ ಆಡಬೇಕು, ದಿನಾ ಗೆಲ್ಲಬೇಕು. ಫೈನಲ್‌ನ ಸಡಗರ ಸರಿ, ಆದರೆ ನನಗೆ ಕೇಳಿದರೆ ನಿಜವಾದ ಬೇಸ್‌ಬಾಲ್ ಕಾಣುವುದು ಸೋತವರ ಪಂದ್ಯಗಳಲ್ಲೇ. ಈ ಸಲದ ಒಂದು ಪಂದ್ಯ ಹೇಳುತ್ತೇನೆ, ಆಗ ನಿನಗೇ ಗೊತ್ತಾಗುತ್ತದೆ.

ಜೂನ್ 14, ಶನಿವಾರ. ಅರ್ಕನ್ಸಾ ತಂಡ ಎಲ್‌ಎಸ್‌ಯುಗೆ 4-1ರಿಂದ ಸೋತಿತು. ಅರ್ಕನ್ಸಾ ಬಗ್ಗೆ ನೀನು ತಿಳಿದಿರಬೇಕು. ಹತ್ತಕ್ಕೂ ಹೆಚ್ಚು ಸಲ ಒಮಾಹಾಕ್ಕೆ ಬಂದ ತಂಡ, ಒಮ್ಮೆಯೂ ಕಪ್ ಎತ್ತಿಲ್ಲ. 2018ರಲ್ಲಿ ಒರೆಗಾನ್ ಸ್ಟೇಟ್ ವಿರುದ್ಧ ಗೆಲುವಿಗೆ ಒಂದೇ ಒಂದು ಔಟ್ ಬೇಕಿತ್ತು. ಚೆಂಡು ಗೆರೆಯಾಚೆ ಮೇಲಕ್ಕೆ ಹಾರಿತು. ಮೂರು ಜನ ಓಡಿ ಬಂದರು. ನೀನು ಹಿಡಿ, ನಾನು ಹಿಡಿತೀನಿ ಅನ್ನುವುದರಲ್ಲಿ ಚೆಂಡು ಮೂವರ ನಡುವೆ ಬಿತ್ತು. ಒರೆಗಾನ್ ಸ್ಟೇಟ್ ಆ ಪಂದ್ಯ ಗೆದ್ದಿತು, ಮರುದಿನ ಕಪ್ಪನ್ನೂ ಗೆದ್ದಿತು. ಅರ್ಕನ್ಸಾದವರ ಮುಂದೆ ಇವತ್ತಿಗೂ ಆ ಮಾತು ಎತ್ತಬಾರದು. ಆದರೂ ಆ ಜನ ಪ್ರತಿ ಸಲ ಗಂಟೆಗಟ್ಟಲೆ ಕಾರು ಓಡಿಸಿಕೊಂಡು ಬರುತ್ತಾರೆ. ಎರಡೂ ಕೈ ಮೇಲೆತ್ತಿ, ಬೆರಳು ಕುಣಿಸಿ, ಹಂದಿ ಕರೆಯುವ ಕೂಗು ಕೂಗುತ್ತಾರೆ. ಅವರ ತಂಡದ ಗುರುತು ಕಾಡುಹಂದಿ. ಇಡೀ ಸ್ಟ್ಯಾಂಡ್ ಒಟ್ಟಿಗೆ ಕೂಗಿದರೆ ಎದೆ ಝಲ್ಲೆನ್ನುತ್ತದೆ.

ಸೋಮವಾರ, ಜೂನ್ 16, ಸೋತವರ ಪಂದ್ಯ. ಎದುರಿಗೆ ಕೆಂಟಕಿಯ ಮರ್ರೇ ಸ್ಟೇಟ್. ತಮ್ಮ ರೀಜನಲ್‌ನಲ್ಲಿ ನಾಲ್ಕರಲ್ಲಿ ನಾಲ್ಕನೇ ಶ್ರೇಯಾಂಕ. ಮಿಸಿಸಿಪಿಗೆ ಹೋಗಿ ಓಲ್ ಮಿಸ್‌ ಅನ್ನು ದಾಟಿ, ಡ್ಯೂಕ್‌ನ ಊರಿಗೇ ಹೋಗಿ ಡ್ಯೂಕನ್ನು ಸೋಲಿಸಿ, ಮೊಟ್ಟಮೊದಲ ಸಲ ಒಮಾಹಾಕ್ಕೆ ಬಂದಿದ್ದರು. ಇವರ ಮೇಲೂ ನನಗೆ ಮನಸ್ಸಿತ್ತು. ಆಫೀಸಿಗೆ ಅರ್ಧ ದಿನ ರಜೆ ಹಾಕಿ ಹೋಗಿ ಕೂತೆ.

ಅರ್ಕನ್ಸಾ ಪರ ಎಸೆದವನು ಗೇಜ್ ವುಡ್. ಭುಜದ ತೊಂದರೆಯಿಂದ ಋತುವಿನ ಮೊದಲ ಭಾಗದಲ್ಲಿ ವಾರಗಟ್ಟಲೆ ಹೊರಗಿದ್ದ ಹುಡುಗ. ಅರುವತ್ತು ಅಡಿ ದೂರದಿಂದ ಗಂಟೆಗೆ 150 ಕಿಲೊಮೀಟರ್ ಮೀರಿದ ವೇಗ, ಎದೆಮಟ್ಟದಲ್ಲಿ. ಅದಕ್ಕೆ ಕಣ್ಣು ಹೊಂದಿಸಿಕೊಳ್ಳುವಷ್ಟರಲ್ಲಿ ನಿಧಾನವಾಗಿ ಬಾಗಿ ಕೆಳಗಿಳಿಯುವ ಚೆಂಡು. ಮರ್ರೇ ಹುಡುಗರು ಬೀಸುತ್ತಿದ್ದರು, ತಾಗುತ್ತಿರಲಿಲ್ಲ. ಒಬ್ಬನೂ ಬೇಸ್ ತಲುಪಲಿಲ್ಲ. ಒಂದು ಇನಿಂಗ್ಸ್, ಎರಡು, ನಾಲ್ಕು, ಆರು.

ನನ್ನ ಪಕ್ಕದಲ್ಲಿ ಅರ್ಕನ್ಸಾದ ಒಬ್ಬ ಅಜ್ಜ. ತೊಡೆಯ ಮೇಲೆ ಸ್ಕೋರ್ ಹಾಳೆ, ಕೈಯಲ್ಲಿ ಪೆನ್ಸಿಲ್. ಬ್ಯಾಟರ್ ಮೂರು ಸ್ಟ್ರೈಕ್‌ಗೆ, ಅಂದರೆ ಮೂರು ಒಳ್ಳೆಯ ಎಸೆತ ಹೊಡೆಯಲಾಗದೆ, ಔಟಾದರೆ ಹಾಳೆಯ ಚೌಕದೊಳಗೆ ಇಂಗ್ಲಿಷಿನ 'ಕೆ' ಬರೆಯುತ್ತಾರೆ. ಕೊನೆಯ ಚೆಂಡಿಗೆ ಬ್ಯಾಟ್ ಬೀಸದೆ ಸುಮ್ನೆ ನಿಂತು ಔಟಾದರೆ ಅದೇ ಅಕ್ಷರವನ್ನು ತಿರುಗಿಸಿ ಬರೆಯುತ್ತಾರೆ. ಅಜ್ಜನ ಹಾಳೆಯಲ್ಲಿ ಸಾಲುಸಾಲು ಅದೇ ಅಕ್ಷರ. ಐದನೇ ಇನಿಂಗ್ಸ್‌ವರೆಗೆ ಬಾಯಿತುಂಬ ಮಾತಾಡುತ್ತಿದ್ದವರು ಆಮೇಲೆ ತುಟಿ ಬಿಚ್ಚಲಿಲ್ಲ. ಅದು ಇಲ್ಲಿನ ನಂಬಿಕೆ. ಒಂದೂ ಹಿಟ್ ಕೊಡದೆ, ಅಂದರೆ ಯಾರೂ ಚೆಂಡು ಹೊಡೆದು ಬೇಸ್ ತಲುಪದ ಹಾಗೆ, ಪಿಚರ್ ಎಸೆಯುತ್ತಿರುವಾಗ ಆ ಮಾತನ್ನು ಬಾಯಿಬಿಟ್ಟು ಆಡಬಾರದು. ಆಟಗಾರರು ಕೂರುವ ಡಗ್‌ಔಟ್‌ನಲ್ಲಿ ಅವನ ಪಕ್ಕ ಯಾರೂ ಕೂರುವುದಿಲ್ಲ. ಮಾತಾಡಿಸಿದರೆ ದೃಷ್ಟಿಯಾಗುತ್ತದೆ ಅನ್ನುವ ಹಾಗೆ ಎಲ್ಲರೂ ದೂರ.

ಎಂಟನೇ ಇನಿಂಗ್ಸ್‌ನಲ್ಲಿ ಒಂದು ಚೆಂಡು ಕೈ ತಪ್ಪಿ ಬ್ಯಾಟರ್ ಮೈಗೆ ತಾಗಿತು. ಹಾಗೆ ತಾಗಿದರೆ ಅವನಿಗೆ ಮೊದಲ ಬೇಸ್ ಬಿಟ್ಟುಕೊಡಬೇಕು. ಒಬ್ಬನನ್ನೂ ಬೇಸ್ ತಲುಪಲು ಬಿಡದ ಪರ್ಫೆಕ್ಟ್ ಗೇಮ್ ಅಲ್ಲಿಗೆ ಹೋಯಿತು. ಆದರೆ ಹಿಟ್ ಬಂದಿರಲಿಲ್ಲ. ಕೊನೆವರೆಗೂ ಬರಲಿಲ್ಲ. 119 ಎಸೆತ, 27 ಔಟ್‌ಗಳಲ್ಲಿ 19 ಸ್ಟ್ರೈಕ್‌ಔಟ್, 3-0. ಒಮಾಹಾದಲ್ಲಿ 1960ರ ನಂತರ ಇಂಥದ್ದು ನಡೆದದ್ದು ಇದೇ ಮೊದಲು. ಕುಂಬ್ಳೆ ಕೋಟ್ಲಾದಲ್ಲಿ ಹತ್ತೂ ವಿಕೆಟ್ ಕಿತ್ತ ದಿನ ನಾವು ಟಿವಿ ಮುಂದಿನಿಂದ ಏಳದೆ ಕೂತಿದ್ದೆವಲ್ಲ, ಆ ದಿನದ ಹಾಗೇ ಇತ್ತು ಕಣೋ. ಅಜ್ಜ ಹಾಳೆಯನ್ನು ಜೋಪಾನವಾಗಿ ಎರಡು ಮಡಿಕೆ ಮಾಡಿ ಅಂಗಿ ಜೇಬಿಗೆ ಹಾಕಿಕೊಂಡರು. ಎದುರು ಸ್ಟ್ಯಾಂಡ್‌ನಲ್ಲಿ ಮರ್ರೇ ಕಡೆಯವರು ಎದ್ದು ನಿಂತು ತಮ್ಮ ಹುಡುಗರಿಗೆ ಚಪ್ಪಾಳೆ ತಟ್ಟುತ್ತಿದ್ದರು. ಅವರಿಗೆ ಅದು ಎರಡನೇ ಸೋಲು. ಊರಿಗೆ ಹೊರಟರು.

ಈಗ ಹೇಳು, ಇಂಥ ಆಟ ಆಡಿದವನಿಗೆ ಏನು ಸಿಗಬೇಕು? ಅವನ ತಂಡಕ್ಕೆ ಸಿಕ್ಕಿದ್ದು ಎರಡು ದಿನ. ಅಷ್ಟೇ. ಮಂಗಳವಾರ ಯುಸಿಎಲ್‌ಎ ವಿರುದ್ಧ 7-3ರಿಂದ ಗೆದ್ದರು. ಪಾಪ, ಆ ಯುಸಿಎಲ್‌ಎ ಹುಡುಗರು ಹಿಂದಿನ ರಾತ್ರಿ ಮಳೆಗೆ ನಿಂತುಹೋದ ಪಂದ್ಯವನ್ನು ಅದೇ ದಿನ ಎಲ್‌ಎಸ್‌ಯು ಜೊತೆ ಆಡಿ ಮುಗಿಸಿ, ಸೋತು, ಮತ್ತೆ ಇವರ ಜೊತೆ ಆಡಬೇಕಾಯಿತು. ಬುಧವಾರ ಅರ್ಕನ್ಸಾಕ್ಕೆ ಮತ್ತೆ ಎಲ್‌ಎಸ್‌ಯು. ವುಡ್‌ನ ತೋಳಿಗೆ ಇನ್ನೂ ಎರಡೇ ದಿನದ ವಿಶ್ರಾಂತಿ, ಅವನನ್ನು ಇಳಿಸುವ ಹಾಗಿಲ್ಲ. ಕೂತು ನೋಡುವುದಷ್ಟೇ ಅವನ ಪಾಲಿಗೆ.

ಒಂಬತ್ತನೇ ಇನಿಂಗ್ಸ್‌ನಲ್ಲಿ ಅರ್ಕನ್ಸಾ 5-3ರಿಂದ ಮುಂದಿತ್ತು. ಎಲ್‌ಎಸ್‌ಯು ಕೊನೆಯ ಸರದಿ. ಇಬ್ಬರು ಬೇಸ್ ಮೇಲಿದ್ದರು. ಲೂಯಿಸ್ ಹೆರ್ನಾಂಡೆಸ್ ಹೊಡೆದ ಚೆಂಡು ನೇರ ಲೆಫ್ಟ್ ಫೀಲ್ಡರ್ ಕಡೆಗೆ. ಆ ಹುಡುಗನ ಕಾಲು ಜಾರಿತು. ಚೆಂಡು ಸಿಗಲಿಲ್ಲ, ಇಬ್ಬರೂ ಓಡಿ ಬಂದರು, 5-5. ಮುಂದಿನವನು ಜೇರೆಡ್ ಜೋನ್ಸ್. ಅವನು ಹೊಡೆದದ್ದು ಎರಡನೇ ಬೇಸ್ ಕಾಯುವವನ ಗ್ಲೌಸಿಗೆ ತಾಗಿ ಆಚೆ ಹೋಯಿತು. 6-5. ಮುಗಿಯಿತು. ಎಲ್‌ಎಸ್‌ಯು ಹುಡುಗರು ಕುಣಿಯುತ್ತಿದ್ದರು. ನಾನು ನೋಡಿದ್ದು ಆ ಲೆಫ್ಟ್ ಫೀಲ್ಡರ್‌ನನ್ನು. ಅವನದು ತಪ್ಪು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಎಲ್ಲರಿಗಿಂತ ಬೇಗ ಚೆಂಡಿನತ್ತ ಕಾಲಿಟ್ಟವನು ಅವನೇ.

ಫೈನಲ್ ಕಥೆ ಚಿಕ್ಕದು. ಮೂರು ಪಂದ್ಯಗಳಲ್ಲಿ ಎರಡು ಗೆದ್ದವರಿಗೆ ಕಪ್. ಸೌತ್ ಕ್ಯಾರೊಲಿನಾದ ಕೋಸ್ಟಲ್ ಕ್ಯಾರೊಲಿನಾ ಸತತ 26 ಪಂದ್ಯ ಗೆದ್ದು ಬಂದಿತ್ತು. ಜೂನ್ 21ರ ಮೊದಲ ಪಂದ್ಯದಲ್ಲಿ ಎಲ್‌ಎಸ್‌ಯುನ ಎಡಗೈ ಪಿಚರ್ ಕೇಡ್ ಆಂಡರ್‌ಸನ್ ಒಂಬತ್ತೂ ಇನಿಂಗ್ಸ್ ಒಬ್ಬನೇ ಎಸೆದು 1-0ರಿಂದ ಗೆಲ್ಲಿಸಿದ. ಅರ್ಕನ್ಸಾವನ್ನು ಮೊದಲ ಶನಿವಾರ ಕಟ್ಟಿಹಾಕಿದ್ದವನೂ ಅವನೇ. ಸೋಲದೆ ಬಂದದ್ದರಿಂದ ಅವನ ತೋಳಿಗೆ ಪೂರ್ತಿ ಒಂದು ವಾರ ಸಿಕ್ಕಿತ್ತು. ಮರುದಿನ ಮೊದಲ ಇನಿಂಗ್ಸ್‌ನಲ್ಲೇ ಅಂಪೈರ್ ಜೊತೆ ವಾದಕ್ಕಿಳಿದ ಕೋಸ್ಟಲ್ ಕೋಚ್‌ನನ್ನು ಹೊರಗೆ ಕಳಿಸಿದರು. ವರ್ಷದ ಕೊನೆಯ ಪಂದ್ಯ, ಹುಡುಗರ ಜೊತೆ ಕೋಚ್ ಇಲ್ಲ ಅಂದರೆ ಹೇಗೆ ಹೇಳು. ಅಂಪೈರ್ ಇನ್ನಷ್ಟು ತಾಳ್ಮೆ ತೋರಿಸಬೇಕಿತ್ತು ಅಂತ ನನಗನ್ನಿಸಿತು. 5-3ರಿಂದ ಎಲ್‌ಎಸ್‌ಯು ಗೆದ್ದಿತು. ಅವರಿಗೆ ಇದು ಎಂಟನೇ ಕಪ್. ಅವರಿಗಿಂತ ಜಾಸ್ತಿ ಇರುವುದು 12 ಕಪ್ ಗೆದ್ದ ಸದರ್ನ್ ಕ್ಯಾಲಿಫೋರ್ನಿಯಾದವರ ಹತ್ತಿರ ಮಾತ್ರ.

ವೃತ್ತಿಪರ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಈ ತಿಂಗಳ ಡ್ರಾಫ್ಟ್‌ನಲ್ಲಿ ಆಂಡರ್‌ಸನ್ ಮೂರನೆಯವನಾಗಿ ಸಿಯಾಟಲ್‌ಗೆ ಹೋದ. ವುಡ್ 26ನೆಯವನಾಗಿ ಫಿಲಡೆಲ್ಫಿಯಾಕ್ಕೆ. ಇಬ್ಬರಿಗೂ ಒಳ್ಳೆಯದಾಗಲಿ. ಆದರೆ ಒಮಾಹಾಕ್ಕೆ ಬರುವ ಎಷ್ಟೋ ಹುಡುಗರಿಗೆ ಇಲ್ಲಿ ಆಡಿದ್ದೇ ಕೊನೆಯ ಪಂದ್ಯ. ಆಮೇಲೆ ನಮ್ಮ ನಿಮ್ಮ ಹಾಗೆ ಕೆಲಸ, ಮನೆ. ಇವರೆಲ್ಲ ಪೂರ್ತಿ ವಿದ್ಯಾರ್ಥಿವೇತನದಲ್ಲಿ ಆಡುವವರು ಅಂದುಕೊಳ್ಳಬೇಡ. ಇಲ್ಲಿಯವರೆಗೆ ಒಂದು ತಂಡಕ್ಕೆ ಇದ್ದದ್ದು 11.7 ವಿದ್ಯಾರ್ಥಿವೇತನ. ಅದನ್ನೇ ತಂಡದ ಎಷ್ಟೋ ಜನರಿಗೆ ಹಂಚಬೇಕಿತ್ತು. ಉಳಿದ ಫೀಸು ಅಪ್ಪ ಅಮ್ಮನ ಮೇಲೆ, ಇಲ್ಲವೇ ಸಾಲ. ಜೂನ್‌ನಲ್ಲಿ ಕೋರ್ಟ್ ಒಪ್ಪಿದ ಒಪ್ಪಂದದ ಪ್ರಕಾರ ಅದಕ್ಕೆ ಸೇರಿದ ಕಾಲೇಜುಗಳಿಗೆ ಆ ಮಿತಿ ಇಲ್ಲ. ಎಲ್ಲರಿಗೂ ಕೊಡಬಹುದು. ಆದರೆ ತಂಡದಲ್ಲಿ 34 ಜನರಷ್ಟೇ ಇರಬೇಕು. ದುಡ್ಡಿರುವ ಕಾಲೇಜಿಗೆ ಇದು ಅನುಕೂಲ. ಮರ್ರೇಯಂಥವರು ಇನ್ನು ಮುಂದೆ ಒಮಾಹಾಕ್ಕೆ ಬರುವುದು ಕಷ್ಟವಾಗುತ್ತದೇನೋ ಅಂತ ನನಗೆ ನಿಜವಾಗಿ ಚಿಂತೆ.

ಮುಂದಿನ ಜೂನ್‌ಗೆ ಇಲ್ಲಿಗೆ ಬರುತ್ತೇನೆ ಅಂದಿದ್ದೀಯಲ್ಲ. ವೀಸಾ ಕೆಲಸ ಈಗಲೇ ಶುರುಮಾಡು, ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಟಿಕೆಟ್ ಮಾಡಿಸುವಾಗ ಫೈನಲ್ ದಿನ ನೋಡಬೇಡ. ಮೊದಲ ವಾರವೇ ಬಂದುಬಿಡು. ಶುಕ್ರವಾರ, ಶನಿವಾರದ ಪಂದ್ಯಗಳನ್ನು ಮನೆಯಲ್ಲಿ ಟಿವಿಯಲ್ಲಿ ನೋಡೋಣ. ಯಾರು ಸೋತರು ನೋಡಿಕೊಂಡು ಭಾನುವಾರ, ಸೋಮವಾರ ಮಧ್ಯಾಹ್ನ ಸ್ಟೇಡಿಯಂಗೆ ಹೋಗೋಣ. ಟೋಪಿ ತಾ. ಇಲ್ಲಿನ ಜೂನ್ ಬಿಸಿಲು ನಿನಗೆ ಗೊತ್ತಿಲ್ಲ. ಅತ್ತಿಗೆಗೆ, ಮಕ್ಕಳಿಗೆ ನನ್ನ ನೆನಪು ತಿಳಿಸು.

ನಿನ್ನ,
ರಘು